400 ರೂಪಾಯಿಯ ಹಳೇ ಹತ್ತರಿ

ನನ್ನ ಕೈಯಲ್ಲಿರೋದು ಮರ ನುಣುಪು ಮಾಡುವ ಹತ್ತರಿ. ಕೆಲವರು ಕೀಸುಳಿ ಅಂತಾರೆ. ಇಲ್ಲಿ ಪುಣೆಯಲ್ಲಿ ರಂಧಾ ಅಂದ್ರೇನೇ ಅಂಗಡಿಯವರಿಗೆ ಅರ್ಥ ಆಗೋದು. ಜುನಾ ಬಜಾರಿನಲ್ಲಿ 400 ರೂಪಾಯಿಗೆ ಸಿಕ್ಕಿತು, ತುಕ್ಕು ಉಚಿತ. 9 ಇಂಚು ಉದ್ದ, 2 ಇಂಚಿನ ಅಲಗು. ಈ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೇಯ್ಲಿಯದು; 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟುಗಳನ್ನು ಕೊಂಡಿತು. ನಮ್ಮಲ್ಲಿ ಸಿಗುವ ಕಬ್ಬಿಣದ ಹತ್ತರಿಗಳು ಹೆಚ್ಚಾಗಿ ಅದೇ ಮಾದರಿಯವು.

ತುಕ್ಕು ಸುಲಭ. ಬಿಡಿಭಾಗಗಳನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ಬಿಟ್ಟು, ಸೋಡಾ ನೀರಲ್ಲಿ ತೊಳೆದು, ತಕ್ಷಣ ಒರೆಸಿ ಎಣ್ಣೆ ಹಚ್ಚಿ. ಮುಗೀತು.

ನಿಜವಾದ ಕೆಲಸ ತಳದ್ದು. ದಪ್ಪ ಗಾಜಿನ ಮೇಲೆ 80ರ ಮರಳು ಕಾಗದ ಅಂಟಿಸಿ, ತಳದ ತುಂಬ ಮಾರ್ಕರ್‌ನಿಂದ ಗೆರೆ ಎಳೆದು ಉಜ್ಜಿ. ಗೆರೆ ಉಳಿದ ಕಡೆ ತಗ್ಗು ಇದೆ ಅಂತ ಅರ್ಥ. ಉಜ್ಜುವಾಗ ಅಲಗು ಬಿಚ್ಚಬೇಡಿ. ತುದಿ ಹೊರಗೆ ಬರದಂತೆ ಹಿಂದಕ್ಕೆ ಸರಿಸಿ, ಬಿಗಿಯಾಗೇ ಇಡಿ. ಬಿಗಿದಾಗ ಎರಕದ ಕಬ್ಬಿಣ ಕೂದಲೆಳೆಯಷ್ಟು ಬಾಗುತ್ತೆ, ಆ ಸ್ಥಿತಿಯಲ್ಲೇ ಸಮ ಆಗಬೇಕು. ಇಡೀ ತಳ ಕನ್ನಡಿಯಾಗಬೇಕಿಲ್ಲ. ಮುಂತುದಿ, ಅಲಗಿನ ಬಾಯಿಯ ಮುಂದಿನ ಅಂಚು, ಹಿಂತುದಿ – ಈ ಮೂರು ಒಂದೇ ಮಟ್ಟದಲ್ಲಿದ್ದರೆ ಸಾಕು. ನನಗೆ ಎರಡು ಸಂಜೆ ಹಿಡಿಯಿತು. ಕೆಳಗಿನ ಫ್ಲ್ಯಾಟಿನವರು ಬೆಲ್ ಒತ್ತಿದ್ದೂ ಆಯ್ತು.

ಇಷ್ಟೆಲ್ಲ ಯಾಕೆ ಅಂದ್ರೆ, ಅಮ್ಮನ ಈಳಿಗೆಮಣೆ. ಕಬ್ಬಿಣ ಗಟ್ಟಿ ಇದೆ, ಮಣೆ ಮಾತ್ರ ಸೊಟ್ಟಗಾಗಿ ಕೂತಾಗ ಅಲುಗುತ್ತೆ. ಅರವತ್ತು ದಾಟಿದ ಕೈ, ಜಾರಿದರೆ ಬೆರಳೇ ಹೋಗುತ್ತೆ. "ಚಾಕು ಹಿಡಿ ಅಮ್ಮ" ಅಂದ್ರೆ ಕೇಳಲ್ಲ. ಹಳೇ ವಾಡೆ ಕೆಡವಿದ ಸಾಗುವಾನಿ ತುಂಡು ತಂದೆ. ಮೊಳೆ ಇರಬಹುದು ಅಂತ ಮಿಲ್‌ನವರು ಮೆಶಿನ್ನಿಗೆ ಹಾಕಲ್ಲ ಅಂದ್ರು. ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ಕಿತ್ತು, ಕೈಯಲ್ಲೇ ಹೆರೆಯೋದು ಅಂತ ತೀರ್ಮಾನಿಸಿದೆ.

ಈಗ ಅಲಗು. ಮೊದಲು ಅದರ ಹಿಂಬದಿ, ತುದಿಯ ಹತ್ತಿರವಾದರೂ ಪೂರ್ತಿ ಸಮ ಆಗಬೇಕು. ಆಮೇಲೆ ಇಳಿಜಾರು 25 ಡಿಗ್ರಿ, ಕೊನೇ ತುದಿಗೆ 30. 1000ದ ಸಾಣೆ ಕಲ್ಲಲ್ಲಿ, ಹಿಂದೆ ಸಣ್ಣ ಮುರುಕು ಬೆರಳಿಗೆ ತಾಕುವವರೆಗೆ ಉಜ್ಜಿ, 6000ದಲ್ಲಿ ಅದನ್ನು ತೆಗೆಯಿರಿ.

ಅಗ್ಗದ ಹತ್ತರಿಗಳು ಕೈಕೊಡೋದು ಬಹಳ ಸಲ ಚಿಪ್‌ಬ್ರೇಕರ್‌ನಲ್ಲಿ, ಅಂದ್ರೆ ಅಲಗಿನ ಮೇಲೆ ಕೂರುವ ಪಟ್ಟಿಯಲ್ಲಿ. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ಸಿಪ್ಪೆ ಅಲ್ಲೇ ಸಿಕ್ಕಿಕೊಂಡು ಬಾಯಿ ಕಟ್ಟುತ್ತೆ. ಪಟ್ಟಿಯ ಅಂಚನ್ನು ಕಲ್ಲಿನ ಮೇಲೆ ತಿದ್ದಿ, ಅಲಗಿನ ತುದಿಯಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಹಿಂದೆ ಕೂರಿಸಿ. ನನಗೆ ಅತಿ ಹೆಚ್ಚು ಫರಕು ಕಂಡಿದ್ದು ಇಲ್ಲೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ, ಡೀಬಗ್ ಮಾಡೋರಿಗೆ ಇದನ್ನ ಹೇಳಬೇಕಿಲ್ಲ.

ತಳಕ್ಕೆ ಮೇಣದ ಬತ್ತಿ ಸವರಿದ್ದೀನಿ. ಮರದ ಎಳೆ ಈ ಕಡೆಯಿಂದ ಆ ಕಡೆಗೆ ಏರುತ್ತಿದೆ, ಹಾಗೇ ತಳ್ಳಬೇಕು. ಕ್ಯಾಮೆರಾ ಸ್ವಲ್ಪ ಕೆಳಗೆ ತಿರುಗಿಸ್ತೀನಿ, ಸಿಪ್ಪೆ ಹೆಂಗೆ ಬರುತ್ತೆ ನೋಡಿ.