ರಸೀದಿ ಕೇಳಿ ಪಡೆಯಿರಿ



ಸಂಘದಲ್ಲಿ ಹಾಲು ಹಾಕುವಾಗ ಅಳತೆ ಎಷ್ಟು, ಫ್ಯಾಟ್ ಎಷ್ಟು ಎಂದು ತಾವೆಲ್ಲರೂ ಕಣ್ಣಿಟ್ಟು ನೋಡುತ್ತೀರಿ. ಚೀಟಿಯಲ್ಲಿ ಒಂದು ಅಂಕಿ ತಪ್ಪಿದರೂ ಕಾರ್ಯದರ್ಶಿಯವರನ್ನು ಕೇಳುತ್ತೀರಿ. ಕೇಳಲೇಬೇಕು. ಆದರೆ ಬಟವಾಡೆಯ ಹಣ ಹಿಡಿದು ಪೇಟೆಯ ಅಂಗಡಿಗೆ ಹೋದಾಗ ಈ ಎಚ್ಚರ ಎಲ್ಲಿ ಹೋಗುತ್ತದೆ? ಹಿಂಡಿ, ಖನಿಜ ಮಿಶ್ರಣ, ಹಾಲಿನ ಕ್ಯಾನು, ಮನೆಗೆ ಬೇಕಾದ ಸೋಪು, ಎಣ್ಣೆ ಇವುಗಳಿಗೆ ರಸೀದಿ ಕೇಳುವವರು ನಮ್ಮಲ್ಲಿ ಎಷ್ಟು ಜನ?

ಹಸುವಿಗಾಗಿ ಕೊಂಡದ್ದು ವ್ಯಾಪಾರಕ್ಕೆ ಕೊಂಡಂತೆ, ಆದ್ದರಿಂದ ನಾವು ಗ್ರಾಹಕರಲ್ಲ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡ ಸಾಮಗ್ರಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಿತ್ತನೆ ಬೀಜದ ಮೊಕದ್ದಮೆಯೊಂದರಲ್ಲಿ ರೈತರೂ ಗ್ರಾಹಕರೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಂಗಡಿಯಲ್ಲಿ ಮೂರು ವಿಷಯ ನೆನಪಿಡಿ. ಮೊದಲನೆಯದು ಬೆಲೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳುವಂತಿಲ್ಲ. ಎರಡನೆಯದು ತೂಕ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಮೂರನೆಯದು ರಸೀದಿ. ರಸೀದಿ ಕೊಡದಿರುವುದು ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ.

"ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಫಲಕ ನೋಡಿ ಹಿಂಜರಿಯಬೇಡಿ. ಮಾಲು ದೋಷದ್ದಾಗಿದ್ದರೆ ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಅಂಗಡಿಯವರು ಹಿಂದಕ್ಕೆ ಪಡೆದು ಹಣ ಮರಳಿಸಬೇಕು. ಆದರೆ ಬರೀ ಮನಸ್ಸು ಬದಲಾಯಿತೆಂದು ಒಳ್ಳೆಯ ಮಾಲನ್ನು ಹಿಂದಿರುಗಿಸುವ ಹಕ್ಕು ಇದಲ್ಲ. ಅದು ಅಂಗಡಿಯವರ ಔದಾರ್ಯಕ್ಕೆ ಬಿಟ್ಟದ್ದು.

ಹೊಸ ಕ್ಯಾನಿನ ಬೆಸುಗೆ ಎಂಟೇ ದಿನದಲ್ಲಿ ಬಿಟ್ಟಿತೆನ್ನಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರೆಂದು ತೋರಿಸಲು ಚೀಟಿಯೇ ಇಲ್ಲದಿದ್ದರೆ ನಿಮ್ಮ ಮಾತಿಗೆ ಬಲವೆಲ್ಲಿ?

ಅಂಗಡಿಯವರು ಒಪ್ಪದಿದ್ದರೆ 1915ಕ್ಕೆ ಉಚಿತವಾಗಿ ಫೋನ್ ಮಾಡಿ ದೂರು ಹೇಳಬಹುದು. ಅದಕ್ಕೂ ಬಗೆಹರಿಯದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ.

ರಸೀದಿ ಕೇಳುವುದು ಜಗಳವಲ್ಲ, ಅಪನಂಬಿಕೆಯೂ ಅಲ್ಲ. ಪ್ರಾಮಾಣಿಕ ವರ್ತಕರು ಕೇಳದೆಯೇ ಕೊಡುತ್ತಾರೆ. ಆದ್ದರಿಂದ ಹಾಲಿನ ಪಾಸ್ ಪುಸ್ತಕ ಇಡುವ ಜಾಗದಲ್ಲೇ ಅಂಗಡಿಯ ರಸೀದಿಗಳನ್ನೂ ಜೋಪಾನವಾಗಿ ಇಡಿ ಎಂದು ತಮ್ಮೆಲ್ಲರಲ್ಲಿ ಕೋರುತ್ತೇನೆ.