ಆ ಹೊತ್ತಿನ ಮನ್ನ



ಡಿಸೆಂಬರ್ 31ರ ರಾತ್ರಿ ನಮ್ಮ ಚರ್ಚುಗಳಲ್ಲಿ ವರ್ಷಾಂತ್ಯದ ಆರಾಧನೆ ಇರುತ್ತದೆ. ಹನ್ನೆರಡಕ್ಕೆ ಗಂಟೆ ಬಾರಿಸುತ್ತಾರೆ. ಅಕ್ಕಪಕ್ಕದವರ ಕೈ ಹಿಡಿದು ಶುಭ ಕೋರುತ್ತೇವೆ. ಕೆಲವು ಕಡೆ ಬಾಗಿಲ ಬಳಿ ಒಂದು ತಟ್ಟೆಯ ತುಂಬ ವಾಗ್ದಾನದ ಚೀಟಿಗಳಿರುತ್ತವೆ. ಕೈಗೆ ಬಂದದ್ದೇ ಆ ವರ್ಷಕ್ಕೆ ನಮ್ಮ ವಚನ. ಮನೆಗೆ ಬಂದು ಮಲಗುವಷ್ಟರಲ್ಲಿ ಇನ್ನೊಂದು ನಿಶ್ಚಯವೂ ಆಗಿರುತ್ತದೆ: ಈ ವರ್ಷ ಸತ್ಯವೇದವನ್ನು ಪೂರ್ತಿ ಓದಿ ಮುಗಿಸಬೇಕು.

ಪಾರಾಯಣ ನಮ್ಮ ನಾಡಿಗೆ ಹೊಸದಲ್ಲ. ಏಳು ದಿನ, ಒಂಬತ್ತು ದಿನ ಪಟ್ಟುಹಿಡಿದು ಕೂತು ಓದುವವರು ನಿಮ್ಮ ಮನೆಗಳಲ್ಲೂ ಇದ್ದಾರೆ. ಇಲ್ಲಿ ಅವಧಿ ಒಂದು ವರ್ಷ. ಗ್ರಂಥದಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಆಗಬೇಕು. ಆದಿಕಾಂಡ ಸರಾಗವಾಗಿ ಸಾಗುತ್ತದೆ. ಯೋಸೇಫನ ಕಥೆ ಬಂದಾಗಲಂತೂ ಪುಸ್ತಕ ಮುಚ್ಚಲು ಮನಸ್ಸೇ ಬರುವುದಿಲ್ಲ. ಜನವರಿ ಕೊನೆಯ ಹೊತ್ತಿಗೆ ಯಾಜಕಕಾಂಡ. ಯಾವ ಬಲಿಗೆ ಯಾವ ಪ್ರಾಣಿ, ಚರ್ಮದ ಮೇಲಿನ ಮಚ್ಚೆಯನ್ನು ಯಾಜಕ ಹೇಗೆ ನೋಡಬೇಕು, ಇಂಥವೇ ಪುಟಗಟ್ಟಲೆ. ಅಲ್ಲಿ ಒಂದು ದಿನ ತಪ್ಪುತ್ತದೆ, ಆಮೇಲೆ ನಾಲ್ಕು ದಿನ. ಬಾಕಿ ಸಾಲದ ಹಾಗೆ ಬೆಳೆಯುತ್ತದೆ. ಕೊನೆಗೆ ಪುಸ್ತಕ ನೋಡಿದರೇ ಅಳುಕು.

ಈ ಅಳುಕನ್ನು ಮೊದಲೇ ಕಂಡಿದ್ದವರು ಒಬ್ಬರಿದ್ದರು. ಸ್ಕಾಟ್‌ಲೆಂಡಿನ ಡಂಡಿ ಊರಿನ ಸೇಂಟ್ ಪೀಟರ್ಸ್ ಸಭೆಗೆ 1836ರಲ್ಲಿ, ಇಪ್ಪತ್ಮೂರನೆಯ ವಯಸ್ಸಿಗೇ ಪಾಲಕರಾದ ರಾಬರ್ಟ್ ಮರೆ ಮಕ್‌ಚೇನ್. 1842ರ ಡಿಸೆಂಬರ್ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ಅವರು ಓದಿನ ಪಂಚಾಂಗವೊಂದನ್ನು ಸಿದ್ಧಮಾಡಿಕೊಟ್ಟರು. ಅದನ್ನು ಹಿಡಿದು ಓದುವವರು ಇವತ್ತಿಗೂ ಇದ್ದಾರೆ. ದಿನಕ್ಕೆ ನಾಲ್ಕು ಅಧ್ಯಾಯ: ಎರಡು ಮನೆಮಂದಿಯೆಲ್ಲ ಕೂತು ಓದುವುದಕ್ಕೆ, ಎರಡು ಏಕಾಂತಕ್ಕೆ. ವರ್ಷದಲ್ಲಿ ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ, ಉಳಿದದ್ದು ಒಂದು ಸಲ ಮುಗಿಯುತ್ತವೆ.

ನನಗೆ ಬಹಳ ಹಿಡಿಸುವುದು ಅವರ ಜನವರಿ 1. ಅಂದು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ಈ ನಾಲ್ಕರ ಮೊದಲ ಅಧ್ಯಾಯಗಳನ್ನು ಓದಬೇಕು. ಲೋಕ ಹುಟ್ಟುತ್ತದೆ, ಕ್ರಿಸ್ತ ಹುಟ್ಟುತ್ತಾನೆ, ಸೆರೆಹೋದವರು ಬಿದ್ದ ದೇವಾಲಯವನ್ನು ಕಟ್ಟಲು ಊರಿಗೆ ಹೊರಡುತ್ತಾರೆ, ಯೆರೂಸಲೇಮಿನ ಮಾಳಿಗೆಯ ಕೋಣೆಯಲ್ಲಿ ಹಿಡಿಯಷ್ಟು ಜನ ಕಾಯುತ್ತಾ ಕೂತಿರುತ್ತಾರೆ. ನಾಲ್ಕೂ ಆರಂಭಗಳೇ. ಆದರೆ ಎಜ್ರನದು ಹಾಳಾದ ಮೇಲಿನ ಆರಂಭ. ಹೊಸ ವರ್ಷಕ್ಕೆ ಬರುವ ನಮ್ಮಲ್ಲಿ ಹೆಚ್ಚಿನವರ ಪಾಡು ಅದೇ ಅಲ್ಲವೇ?

ಆ ಪಂಚಾಂಗದ ಜೊತೆ ಮಕ್‌ಚೇನ್ ಎಚ್ಚರಿಕೆಗಳನ್ನೂ ಬರೆದರು. ಓದು ಬರೀ ಶಾಸ್ತ್ರಕ್ಕೆ ಮಾಡಿದಂತೆ ಆಗಬಹುದು. ಇವತ್ತಿನ ಪಾಲು ಮುಗಿಸಿದೆ ಎಂಬ ಹಮ್ಮು ಬರಬಹುದು. ಕೆಲವರ ಹೆಗಲಿಗೆ ಭಾರದ ನೊಗವೇ ಆಗಬಹುದು ಎಂದರು. ಪಟ್ಟಿ ಮಾಡಿಕೊಟ್ಟವರೇ ಹೀಗೆ ಹೇಳಿದ್ದು ದೊಡ್ಡ ಮಾತು. ತಮ್ಮ ಪಟ್ಟಿಯ ಮೊದಲ ವರ್ಷವನ್ನು ಅವರೇ ಮುಗಿಸಲಿಲ್ಲ. ಊರಿನಲ್ಲಿ ಟೈಫಸ್ ಜ್ವರ ಹರಡಿತ್ತು, ರೋಗಿಗಳನ್ನು ನೋಡಲು ಹೋಗುತ್ತಿದ್ದ ಅವರಿಗೂ ತಗುಲಿತು. 1843ರ ಮಾರ್ಚ್ 25ರಂದು ತೀರಿಕೊಂಡರು. ಮೂವತ್ತು ತುಂಬಿರಲಿಲ್ಲ. ಪಂಚಾಂಗ ಆಗಿನ್ನೂ ವಿಮೋಚನಕಾಂಡವನ್ನು ದಾಟಿರಲಿಲ್ಲ.

ಅದೇ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ ಪ್ರಸಂಗವಿದೆ. ಅರಣ್ಯದಲ್ಲಿ ಹಸಿದವರಿಗೆ ಆಕಾಶದಿಂದ ಆಹಾರ. ಬೆಳಗಾಗೆದ್ದು ತಲೆಗಿಷ್ಟು ಎಂದು ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಎತ್ತಿಟ್ಟವರದು ಹುಳ ಬಿದ್ದು ನಾತ ಹೊಡೆಯಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ಮಕ್‌ಚೇನ್ ತಮ್ಮ ಪಂಚಾಂಗವನ್ನು ಅನುದಿನದ ರೊಟ್ಟಿ ಎಂದೇ ಕರೆದರು. ನಿನ್ನೆ ಉಣ್ಣದ ಊಟವನ್ನು ಇವತ್ತು ಸೇರಿಸಿ ಉಣ್ಣುವವರುಂಟೇ? ಹಾಗಾಗಿ ಓದು ನಿಂತವರಿಗೆ ನಾನು ಹೇಳುವುದಿಷ್ಟೇ: ಬಾಕಿ ತೀರಿಸಲು ಹೋಗಬೇಡಿ. ಇವತ್ತಿನ ತಾರೀಖಿನ ಪುಟ ತೆಗೆಯಿರಿ.

ಇದನ್ನು ನನಗೆ ಕಲಿಸಿದವರು ನಮ್ಮ ದೊಡ್ಡಮ್ಮ. ಅವರ ಸತ್ಯವೇದ ಈಗ ನಮ್ಮ ಮನೆಯಲ್ಲಿದೆ. ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ, ನಡುವೆ ಗುರುತಿಗೆ ಕ್ಯಾಲೆಂಡರಿನ ಚೀಟಿ. ಓದಿದ ಅಧ್ಯಾಯದ ಪಕ್ಕ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು ಅವರ ರೂಢಿ. ಒಂದು ವರ್ಷ ಫೆಬ್ರವರಿ 9ರ ಮೇಲೆ ಏನೂ ಇಲ್ಲ. ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದ ದಿನಗಳು ಅವು. ಅವರು ಮನೆಗೆ ಮರಳಲಿಲ್ಲ. ಆಮೇಲೆ ಎಷ್ಟೋ ಪುಟ ಖಾಲಿ. ಮುಂದೆ ಒಂದು ಕೀರ್ತನೆಯ ಪಕ್ಕ, ಅದೇ ದುಂಡು ಅಕ್ಷರದಲ್ಲಿ, ಏಪ್ರಿಲ್ 17.