ಕತ್ತರಿಸಿದ್ದು ಮತ್ತೆ ಬೆಳೆಯಲ್ಲ

ಇವತ್ತು ಬಂದೂಕಿನ ಕಥೆ. ಆದ್ರೆ ಶುರು ಮಾಡೋದು ನಮ್ಮಪ್ಪನ ಯೆಜ್ಡಿಯಿಂದ.

ಬಿ.ಕಾಂ ಓದ್ತಿದ್ದಾಗ ಅದರ ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಸೀಟು ಬದಲಾಯಿಸಿ, ಹಳೇ ಪಾರ್ಟ್ಸ್ ಗುಜರಿಗೆ ಹಾಕಿದ್ದೆ. ಅಪ್ಪ ಬೈಯಲಿಲ್ಲ. ಆ ಗಾಡಿ ಹತ್ತೋದನ್ನ ಬಿಟ್ಟುಬಿಟ್ರು, ಅಷ್ಟೆ.

ಇಂಥದ್ದೇ ಕೆಲಸ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜೋರಾಗಿ ನಡೀತು, ರೈಫಲ್‌ಗಳ ಮೇಲೆ. ಜರ್ಮನಿಯ ಮೌಸರ್ 98, ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಅಮೆರಿಕದ್ದೇ ಸ್ಪ್ರಿಂಗ್‌ಫೀಲ್ಡ್ 1903 ಎಲ್ಲ ಸೇನೆಗೆ ಬೇಡವಾಗಿ ಮಾರುಕಟ್ಟೆಗೆ ಬಂದ್ವು. ಎಷ್ಟು ಅಗ್ಗ ಅಂದ್ರೆ, 1963ರಲ್ಲಿ ಕೆನಡಿಯನ್ನ ಕೊಂದ ಇಟಲಿಯ ಕಾರ್ಕಾನೊ ರೈಫಲ್‌ಗೆ ದುರ್ಬೀನು ಸೇರಿ 19.95 ಡಾಲರ್. ಅದು ಅಂಚೆಯಲ್ಲಿ ತರಿಸಿದ್ದು! ಬಂದೂಕನ್ನ ಹೀಗೆ ಅಂಚೆಯಲ್ಲಿ ಮಾರೋದಕ್ಕೆ 1968ರ ಕಾಯ್ದೆ ಕಡಿವಾಣ ಹಾಕ್ತು.

ಯುದ್ಧದ ರೈಫಲ್ ಉದ್ದ, ಭಾರ. ನಳಿಗೆಯ ತುದಿವರೆಗೂ ಮರ. ಜಿಂಕೆ ಬೇಟೆಗೆ ದಿನವಿಡೀ ಗುಡ್ಡ ಹತ್ತೋನಿಗೆ ಅದು ಹೊರೆ. ಅದಕ್ಕೆ ಮುಂದಿನ ಮರ ಕತ್ತರಿಸೋರು, ನಳಿಗೆ ಮೋಟು ಮಾಡೋರು. ಬೋಲ್ಟಿನ ಹಿಡಿ ನೆಟ್ಟಗಿದ್ರೆ ದುರ್ಬೀನಿಗೆ ತಾಗುತ್ತೆ ಅಂತ ಅದನ್ನ ಬಗ್ಗಿಸೋರು. ದುರ್ಬೀನು ಕೂರಿಸೋಕೆ ಉಕ್ಕಿಗೆ ತೂತು ಕೊರೆಯೋರು. ಇದಕ್ಕೆ ‘ಸ್ಪೋರ್ಟರೈಸಿಂಗ್’ ಅಂತ ಹೆಸರು.

ಅವರನ್ನ ದಡ್ಡರು ಅನ್ನಬೇಡಿ. ಅಂಗಡಿಯ ಹೊಸ ಬೇಟೆ ರೈಫಲ್ ದುಬಾರಿ. ಕೈಲಿ ಗರಗಸ, ಅರ ಇದ್ದ ರೈತನಿಗೆ ಮನೆಯವರ ಚಳಿಗಾಲದ ಮಾಂಸಕ್ಕೆ ದಾರಿ ಆಯ್ತು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಬೇಟೆಗೆ ಅಂತ ಬದಲಾಯಿಸಿದ ಸ್ಪ್ರಿಂಗ್‌ಫೀಲ್ಡನ್ನೇ 1909ರಲ್ಲಿ ಆಫ್ರಿಕಾಗೆ ಒಯ್ದಿದ್ರು.

ಈಗ ಕಾಮರ್ಸ್ ಭಾಷೇಲಿ ನೋಡೋಣ. ರಾಶಿ ಬಿದ್ದಿದ್ದಾಗ ಬೆಲೆ ಇರಲಿಲ್ಲ, ಅದಕ್ಕೇ ಕತ್ತರಿಸಿದ್ರು. ಕತ್ತರಿಸಿ ಕತ್ತರಿಸಿ ಮೂಲ ರೂಪದ್ದು ಕಮ್ಮಿ ಆಯ್ತು. ಕಮ್ಮಿ ಆದ್ಮೇಲೆ ಸಂಗ್ರಹಕಾರರು ಬಂದ್ರು. ಈಗ ಎಲ್ಲ ಭಾಗಗಳ ನಂಬರ್ ಹೊಂದೋ, ಯಾರೂ ಕೈ ಹಾಕದ ಮೌಸರ್‌ಗೆ ಒಳ್ಳೇ ಬೆಲೆ. ಮನೇಲಿ ಕತ್ತರಿಸಿದ್ದಕ್ಕೆ ಅದರ ಒಂದು ಪಾಲೂ ಸಿಗಲ್ಲ.

ಅಲ್ಲಿನ ಅನುಭವಸ್ಥರು ಒಂದು ಗೆರೆ ಎಳೀತಾರೆ. ಮರದ ಭಾಗ ಬದಲಾಯಿಸಿ, ಹಳೇದನ್ನ ಅಟ್ಟದಲ್ಲಿಡಿ, ಬೇಕಾದಾಗ ಮತ್ತೆ ಜೋಡಿಸಬಹುದು. ಉಕ್ಕಿಗೆ ಕೊರೆದ ತೂತು ಮಾತ್ರ ಮುಚ್ಚಿದ್ರೂ ಗುರುತು ಬಿಡುತ್ತೆ. ಆಗಲೇ ಕತ್ತರಿಸಿದ್ದಾಗಿದ್ರೆ ಕೊರಗಬೇಡಿ, ಧೈರ್ಯವಾಗಿ ಬಳಸಿ. ಇಡಿಯಾಗಿರೋದನ್ನ ಮುಟ್ಟಬೇಡಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರೋದ್ರಿಂದ ಈಗ ಹವ್ಯಾಸದ ಬೇಟೆಯ ಮಾತೇ ಇಲ್ಲ. ಆದ್ರೆ ಗೆರೆ ನಮಗೂ ಬೇಕು.

ಕಳೆದ ತಿಂಗಳು ಗುಜರಿಗಳನ್ನ ಸುತ್ತಿ ಒಂದು ಹಳೇ ಮಡ್‌ಗಾರ್ಡ್ ಹುಡುಕಿ ತಂದೆ. ಅಪ್ಪ ಕೈಯಲ್ಲಿ ಸವರಿ ನೋಡಿದ್ರು. “ಇದು ನಮ್ದಲ್ಲ ಕಣೋ” ಅಂದ್ರು. ಆಮೇಲೆ ಸ್ಪ್ಯಾನರ್ ತರೋಕೆ ಒಳಗೆ ಹೋದ್ರು.

ನಿಮ್ಮನೇಲೂ ಇಂಥದ್ದೊಂದು ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.